ಇತರೆ

ಒಲೆಯ ಕಂಠದ ಅಂಚಿಗೆ, ಉರಿ ತಾಗದ ಹಾಗೆ,
ಅಂಗಿಗುಂಡಿಯಷ್ಟು ದಪ್ಪದ ಒಂದು ಬಿಲ್ಲೆ.
ಹತ್ತು ನಿಮಿಷಕ್ಕೊಮ್ಮೆ ಬಿಸಿ ಎಷ್ಟೆಂದು ಬರೆದಿಟ್ಟುಕೊಳ್ಳುತ್ತದೆ.
ಚಾಡಿ ಹೇಳುವುದು ತಿಂಗಳಿಗೊಮ್ಮೆ,
ತಂತಿ ಚುಚ್ಚಿದಾಗ.

ಡೆಡ್ಜಾ ಬೆಟ್ಟದ ಬೋಳು ಬೆನ್ನಿನ ಮೇಲೆ
ಇಂಥ ಅರವತ್ತೆರಡು ಒಲೆ ನನ್ನ ಸುಪರ್ದಿಗೆ.
ಊರಿನ ಹೆಂಗಸರೇ ತಟ್ಟಿ ಸುಟ್ಟಿದ್ದು:
ಒಂದು ಬಾಯಿ, ಎರಡು ಕಿವಿ.
ನಾಲ್ಕೇ ಕಟ್ಟಿಗೆಗೆ ಮನೆಮಂದಿಯ ಮುದ್ದೆ ಬೇಯುತ್ತದೆಂದು
ಗೋಡೆಗೆ ಅಂಟಿಸಿದ ಚಿತ್ರದಲ್ಲಿದೆ.
ಚಿತ್ರದ ಹೆಂಗಸು ಹಲ್ಲು ಕಾಣುವಂತೆ ನಗುತ್ತಾಳೆ.
ಮುದ್ದೆ ತಿರುವುವಾಗ ಯಾರೂ ನಗುವುದಿಲ್ಲ,
ಕೋಲು ಹಿಡಿದವರಿಗೆ ಅದು ಗೊತ್ತು.

ಜೂನಿನಲ್ಲಿ ಎನೆಲೆಸಿಯ ಮನೆಯ ಲೆಕ್ಕ ದಾರಿ ತಪ್ಪಿತು.
ಬೆಳಿಗ್ಗೆ ಒಂದು ಗುಡ್ಡ, ಸಂಜೆ ಒಂದು ಗುಡ್ಡ,
ಎಲ್ಲರ ಮನೆಯ ಗೆರೆಯೂ ಅಷ್ಟೇ.
ಅವಳದ್ದರಲ್ಲಿ ನಡುರಾತ್ರಿ ಎರಡಕ್ಕೆ ಇನ್ನೊಂದು ದಿಣ್ಣೆ,
ಹನ್ನೊಂದು ರಾತ್ರಿ, ಸಾಲಾಗಿ.
ಕಲಿಂಡೆ ಸಾಹೇಬರು ಕನ್ನಡಕ ಹಣೆಗೇರಿಸಿ
"ಎರಡು ಗಂಟೆಗೆ ಯಾರಪ್ಪ ಅಡುಗೆ ಮಾಡ್ತಾರೆ?
ಬಿಲ್ಲೆ ಕೆಟ್ಟಿದೆ, ಅಳಿಸು" ಎಂದರು.
ಅಳಿಸುವ ಮೊದಲು ಸೈಕಲ್ ಹತ್ತಿದೆ.
ಅದೊಂದು ಕೆಟ್ಟ ಚಾಳಿ ನನಗೆ.

ಗಡಿಯಾಚೆಯಿಂದ ಬರುವ ಚಿಪೆರೋನಿ,
ಜಿಟಿಜಿಟಿ ಹನಿ, ಹಲ್ಲಿಗೆ ಹಲ್ಲು ತಾಗಿಸುವ ಚಳಿ.
ಎನೆಲೆಸಿ ಮೂರು ಕಲ್ಲುಗಳಿಗೆ ಅಡ್ಡ ನಿಂತಳು.
ಅವು ಇನ್ನೂ ಬೆಚ್ಚಗಿದ್ದವು.
"ಸಾವಿನ ಮನೆಯ ಹಂಡೆ
ನಿಮ್ಮ ಒಲೆಯ ತಲೆ ಮೇಲೆ ಕೂರುತ್ತಾ?"
ಅದಲ್ಲ ಅಮಾಯಿ, ನಾನು ಕೇಳಿದ್ದು ರಾತ್ರಿಯದು.

ಬಹಳ ಹೊತ್ತು ನೋಡಿ, ಬೋರಲು ಹಾಕಿದ್ದ ಬುಟ್ಟಿ ಎತ್ತಿದಳು.
ಒಲೆಯ ಹೊಟ್ಟೆಗೆ ಒತ್ತಿಕೊಂಡು ಒಂಬತ್ತು ಮರಿ,
ಅರಳೆ ಉಂಡೆಗಳಿಗೆ ಕೊಕ್ಕು ಮೂಡಿದಂತೆ.
ತಾಯಿಯನ್ನು ಕಾಡುಬೆಕ್ಕು ಎಳೆದೊಯ್ದಿತ್ತು.
"ಎರಡಕ್ಕೆ ಕೆಂಡ ಆರುತ್ತೆ. ಎದ್ದು ಒಂದು ಜೋಳದ ಬೆಂಡು ಹಾಕ್ತೀನಿ.
ದಂಡ ಕಟ್ಟಬೇಕಾ?"
ಗದ್ದದಿಂದಲೇ ಬಿಲ್ಲೆಯತ್ತ ತೋರಿಸಿ,
"ಇದು ರಾತ್ರಿಯೂ ಕಣ್ಣು ಬಿಟ್ಕೊಂಡಿರುತ್ತೆ ಅಂತ
ನೀನು ಹೇಳಲಿಲ್ಲ."

ಹೊಗೆ ಕಡಿಮೆಯಾಗಿದೆಯೇ? (ಪ್ರಶ್ನೆ ಹದಿನಾಲ್ಕು.)
"ಆಗಿದೆ. ಈಗ ಮಾಡಿನ ಹುಲ್ಲಿನಲ್ಲಿ ಹುಳ ಜಾಸ್ತಿ."
ಇದಕ್ಕೆ ಜಾಗವಿರಲಿಲ್ಲ.
ಒಲೆಯ ಉಪಯೋಗ: ಅಡುಗೆ, ಸ್ನಾನದ ನೀರು, ಇತರೆ.
ಇತರೆಯ ಮುಂದೆ ಬಿಟ್ಟದ್ದು ಹೆಬ್ಬೆರಳ ಉಗುರಿನಷ್ಟು.
"ಮರಿಗಳಿಗೆ" ಎಂದಷ್ಟೇ ಹಿಡಿಸಿತು.
ಸಾಹೇಬರು ಅದನ್ನು ಕೂಸುಗಳೆಂದು ಓದಿಕೊಂಡು
ಆರೋಗ್ಯ ಇಲಾಖೆಗೆ ಪತ್ರ ಬರೆದರು.
ಆಗಸ್ಟಿನಲ್ಲಿ ತಕ್ಕಡಿ ಹೊತ್ತು ಒಬ್ಬ ನರ್ಸ್ ಬಂದಳಂತೆ,
ಒಂದು ಹುಂಜವನ್ನು ತೂಗಿ ಹೋದಳಂತೆ.
ಎನೆಲೆಸಿ ಹೇಳಿದ್ದು. ಅವಳ ಮಾತಿಗೆ ಯಾವ ಬಿಲ್ಲೆಯೂ ಇಲ್ಲ.

ಜನವರಿಯ ಮಳೆಗೆ ಸೇತುವೆ ಮುಳುಗಿತ್ತು.
ಆ ತಿಂಗಳ ಲೆಕ್ಕವನ್ನು ಶಾಲೆಯ ಹುಡುಗ ಫೋನಿನಲ್ಲಿ ಕಳಿಸಿದ.
ಅವಳ ಗೆರೆಯಲ್ಲಿ ಗುಡ್ಡವೇ ಇಲ್ಲ.
ಹತ್ತೊಂಬತ್ತು ದಿನ ಕೆರೆಯ ನೀರಿನಂತೆ ಸಮ:
ಮೂವತ್ತೇಳು, ಮೂವತ್ತೇಳು, ಮೂವತ್ತೆಂಟು.
ಬೆಂಕಿ ಹೀಗೆ ಉರಿಯುವುದಿಲ್ಲ.
ಬರಿಯ ಮಣ್ಣು ಹೀಗೆ ಬೆಚ್ಚಗಿರುವುದಿಲ್ಲ.
ಈ ಸಲ ಸಾಹೇಬರಿಗೆ ತೋರಿಸಲಿಲ್ಲ.

ಸೈಕಲ್ ಹೆಗಲ ಮೇಲೆ, ಮೊಣಕಾಲುದ್ದ ನೀರು ದಾಟಿ ಹೋದರೆ
ಮೂರು ಕಲ್ಲಿನ ಮುಂದೆ ಎನೆಲೆಸಿ,
ಹಸಿ ಕಟ್ಟಿಗೆ, ಊದುಕೊಳವೆ, ಕೆಮ್ಮು.
ತುಟಿಗೆ ಬೆರಳಿಟ್ಟಳು: "ಮೆಲ್ಲಗೆ. ಇನ್ನೆರಡು ದಿನ."

ಒಲೆಯೊಳಗೆ, ಅಳತೆ ಕೊಟ್ಟು ಹೊಲಿಸಿಕೊಂಡಂತೆ,
ಚುಕ್ಕೆಚುಕ್ಕೆಯ ಹೇಂಟೆ ಗರಿ ಕೆದರಿ ಕೂತಿತ್ತು.
ಜೂನಿನ ಒಂಬತ್ತರಲ್ಲಿ ಒಂದು.
ಹುಟ್ಟಿದ ಮನೆ ಇದೇ ಎಂದು ಯಾರು ಹೇಳಿಕೊಟ್ಟರೋ.

ಸುಧಾರಿತ ಒಲೆಯನ್ನು ಬಿಟ್ಟು ಹಳೆಯ ಒಲೆಗೆ ಮರಳಿದ್ದೀರಾ?
ಹೌದು. ಇಲ್ಲ.
ತೊಡೆಯ ಮೇಲೆ ಹಾಳೆ, ಕಣ್ಣ ತುಂಬ ಹೊಗೆ,
ಪೆನ್ನಿನ ಮುಚ್ಚಳ ತೆಗೆಯದೆ ಕೂತೆ.
ಹೇಂಟೆ ಒಮ್ಮೆ ಕತ್ತು ಚಾಚಿ
ಬಿಲ್ಲೆಯನ್ನು ಕುಕ್ಕಿ ನೋಡಿತು.
ಕಾಳಲ್ಲ.