ನಾಲ್ಕು ಡಿಗ್ರಿಯ ಕೋಣೆ

ತಾರ್ತುವಿನ ಈ ಕಟ್ಟಡದ ನೆಲಮಾಳಿಗೆಯಲ್ಲಿ
ಜುಲೈ ತಿಂಗಳಲ್ಲೂ ಚಳಿಗಾಲ ಸಿಗುತ್ತದೆ.
ಬಾಗಿಲಿಗೆ ನಾನೇ ಅಂಟಿಸಿದ ಚೀಟಿ:
‘ನಾಲ್ಕು ಡಿಗ್ರಿ. ಆರು ವಾರ. ಬಾಗಿಲು ಎಳೆದುಕೊಂಡು ಹೋಗಿ. ಲೇಲೊ.’

ಒಳಗೆ ತಟ್ಟೆ ತಟ್ಟೆ ಗಿಡ,
ಸಾಸಿವೆಯ ಬಡ ನೆಂಟ,
ರೈಲುಹಳಿಯ ಜಲ್ಲಿಯಲ್ಲಿ ಕೇಳುವವರಿಲ್ಲದೆ ಹುಟ್ಟಿ ಸಾಯುವಂಥದು.
ಎಲೆಗಳನ್ನು ಮಣ್ಣಿಗೊತ್ತಿಕೊಂಡು ಕೂತಿದೆ.
ಹೂವಿನ ಮಾತೇ ಎತ್ತುವುದಿಲ್ಲ.

‘ಈಗ ಬೇಡ’ ಎನ್ನುವ ಜೀನೊಂದು ಅದರೊಳಗಿದೆ.
ಅದನ್ನು ಓದುವವರಿರುವ ತನಕ ಮೊಗ್ಗಿಲ್ಲ.
ಚಳಿ ಹಿಡಿಯುತ್ತಿದ್ದಂತೆ ಕೋಶಕೇಂದ್ರದೊಳಗೆ
ಕೆಲವು ಪ್ರೋಟೀನುಗಳು ಗುಂಪುಗೂಡಿ
ಆ ಜೀನಿನ ಬಳಿಗೇ ಬರುತ್ತವೆ.
ಡಿಎನ್ಎ ಸುತ್ತಿಕೊಂಡ ಹಿಸ್ಟೋನ್ ಉಂಡೆಗಳು,
ಉಂಡೆಯಿಂದ ಜೋತುಬಿದ್ದ ಬಾಲ,
ಬಾಲದ ಮೇಲೆ ಒಂದೇ ಕಡೆ ಮೂರು ಗುರುತು.
ಅಷ್ಟೇ. ಎಳೆ ಬಿಗಿಯುತ್ತದೆ,
ಓದಲು ಬಂದವರು ಹೊಸ್ತಿಲಿಂದಲೇ ತಿರುಗಿ ಹೋಗುತ್ತಾರೆ.
ಒಂದಕ್ಷರವೂ ಅಳಿಸಿಲ್ಲ, ನೋಡಿ.

ಅರೆ ಮುಚ್ಚಿದ ಬಾಗಿಲು ಇಲ್ಲಿಲ್ಲ.
ಒಂದೊಂದು ಕೋಶವೂ ತನ್ನ ಪಾಡಿಗೆ ತಾನು
ಬೀಗ ಹಾಕುತ್ತದೆ, ಇಲ್ಲವೇ ಹಾಕುವುದಿಲ್ಲ.
ಎರಡು ವಾರದ ಚಳಿಗೆ ಅಲ್ಲೊಂದು ಇಲ್ಲೊಂದು,
ಆರು ವಾರಕ್ಕೆ ಹೆಚ್ಚುಕಮ್ಮಿ ಎಲ್ಲ.
ಬೇರಿನ ತುದಿಗೆ ಬಣ್ಣ ಕೊಟ್ಟು ನೋಡುತ್ತೇನೆ:
ತೆರೆದ ಕೋಶ ನೀಲಿ, ಮುಚ್ಚಿದ್ದು ಬಿಳಿಚು.
ಆನ್ನೆಲಿನ್‌ನ ಸಿಮೆಂಟು ವಠಾರಗಳಲ್ಲಿ
ರಾತ್ರಿ ಹನ್ನೊಂದರ ಮೇಲೆ ಆರುತ್ತ ಬರುವ ಕಿಟಕಿಗಳ ಹಾಗೆ.
ಗಿಡಕ್ಕೆ ಕ್ಯಾಲೆಂಡರಿಲ್ಲ. ಆರಿದ ಕಿಟಕಿ ಎಣಿಸುತ್ತದೆ.

ಆಮೇಲೆ ಬಿಸಿಲಿಗೆ ತಂದಿಟ್ಟರೂ ಮರೆಯುವುದಿಲ್ಲ.
ಕೋಶ ಎರಡಾದಾಗ ಗುರುತೂ ಪಾಲಾಗುತ್ತದೆ,
ಅರ್ಧ ಇವಳಿಗೆ, ಅರ್ಧ ಅವಳಿಗೆ.
ಉಳಿದರ್ಧ ನೋಡಿ ಪ್ರೋಟೀನುಗಳು ಕೊರತೆ ತುಂಬುತ್ತವೆ.
ಚಳಿ ಕಂಡ ಕೋಶ ಒಂದೂ ಉಳಿಯದ ತುದಿಯಲ್ಲಿ
ಚಳಿಯ ನೆನಪಿನ ಮೇಲೆ ಬಿಳಿ ಹೂ.

ಅಜ್ಜಿ ಸಾಲ್ಮೆಯನ್ನು ನಲವತ್ತೊಂಬತ್ತರ ಮಾರ್ಚಿಯಲ್ಲಿ
ದನದ ವ್ಯಾಗನ್ನಿಗೆ ಹತ್ತಿಸಿದರು. ಎಂಟು ಚಳಿಗಾಲ ಸೈಬೀರಿಯ.
ಮರಳಿ ಬಂದವಳು ಬಾಯಿಗಲ್ಲ, ರೊಟ್ಟಿಯ ಪೆಟ್ಟಿಗೆಗೆ ಬೀಗ ಹಾಕಿದಳು.
ಬೀಗದ ಕೈ ಲಂಗದ ಒಳಮಡಿಕೆಗೆ ಹೊಲಿದಿತ್ತು.
ನನಗೆ ಏಳು ವರ್ಷ, ಊಟ ಎಂದರೆ ಮೊದಲು ಆ ಕಿರ್‌ ಸದ್ದು.
ಈಗಲೂ ನನ್ನ ಕೋಟಿನ ಜೇಬಿನಲ್ಲಿ
ರೈ ರೊಟ್ಟಿಯ ಒಣ ಅಂಚೊಂದು ಇದ್ದೇ ಇರುತ್ತದೆ.
ಯಾಕೆ ಎಂದು ಯಾರಿಗೂ ಹೇಳಿಲ್ಲ.

ಸಂಬಳಕ್ಕಾಗಿ ಈ ಕೆಲಸ ಹಿಡಿದೆನೆಂದು ಊರ್ಮಸ್ ತಿಳಿದಿದ್ದಾನೆ.
ನನಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ.
ಕಳೆದ ಶರತ್ಕಾಲ ಸಿಕ್ಕಿತು:
ಹಸಿರು ಕಾಯಿ ಸೀಳಿ, ಒಳಗಿನ ಭ್ರೂಣ ತೆಗೆದು,
ಬಣ್ಣ ಹಾಕಿ, ಕಣ್ಣಿಟ್ಟೆ.
ನೀಲಿ. ಪೂರ್ತಿ ನೀಲಿ.
ಬಂದು ಯಾರೋ ಬೀಗಗಳನ್ನೆಲ್ಲ ತೆರೆದು ಹೋಗಿದ್ದರು.
ತಾಯಿ ಕಂಡ ಚಳಿಯಲ್ಲಿ ಒಂದು ದಿನವೂ ಮಗುವಿನ ಲೆಕ್ಕಕ್ಕಿಲ್ಲ;
ಸೊನ್ನೆಯಿಂದ ತನ್ನದನ್ನು ತಾನೇ ಎಣಿಸಬೇಕು.

ಹಗುರಾಗಬೇಕಿತ್ತು ನಾನು.
ಏನೋ ಕಳೆದುಕೊಂಡವಳ ಹಾಗೆ ಸ್ಟೂಲಿನ ಮೇಲೆ ಕೂತೆ.
‘ಗಿಡದ ನ್ಯಾಯ ಗಿಡಕ್ಕೆ, ಮನುಷ್ಯರಿಗೆ ಹಚ್ಚಬೇಡ,’ ಎಂದ ಊರ್ಮಸ್,
ಯಾವುದೋ ಅಂಕಿ ತಿದ್ದುತ್ತ, ತಲೆ ಎತ್ತದೆ.
ಸರಿಯೇ. ಆದರೆ ಜೇಬಿನ ರೊಟ್ಟಿ?
ಅದು ಯಾವ ಬಾಲದ ಮೇಲೂ ಬರೆದದ್ದಿರಲಿಕ್ಕಿಲ್ಲ.
ಕಿವಿಯಿಂದ ಕಲಿತೆ ಅನ್ನಿಸುತ್ತದೆ, ಆ ಬೀಗದ ಸದ್ದಿನಿಂದ.

ಇವತ್ತು ಹೊಸ ಬೀಜ ಚೆಲ್ಲಿದೆ.
ಪೆನ್ಸಿಲಿನಲ್ಲಿ ಚೀಟಿ ಬರೆದೆ: ‘ಚಳಿ, ಸೊನ್ನೆ ದಿನ.’
ಕೋಣೆಯ ಬಾಗಿಲು ಎಳೆದೆ.
ಕೈ ತಾನಾಗಿ ಜೇಬಿಗೆ ಹೋಯಿತು,
ಇದೆಯೇ ಎಂದು ನೋಡಲು.