ನೂರ ತೊಂಬತ್ತೊಂಬತ್ತರ ಭಾಗಾಕಾರ

ಭಾಗಾಕಾರ ನಾನು ಶಾಲೆಯಲ್ಲಿ ಕಲಿತದ್ದಲ್ಲ.
ನಿಕರಾಗುವಾದ ಎಲ್ ವಿಯೆಹೋ ಮೈದಾನದಲ್ಲಿ, ತಗಡಿನ ನೆರಳಲ್ಲಿ,
ಲೆಕ್ಕ ಬರೆಯುವ ಉಬಾಲ್ದಿನಾ ಚಿಕ್ಕಮ್ಮನ ಮಗ್ಗುಲಲ್ಲಿ ಕಲಿತದ್ದು.
ವಾರವೆಲ್ಲ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವ ಕೈ
ಭಾನುವಾರ ಬೇಸ್‌ಬಾಲ್ ಎಣಿಸುತ್ತಿತ್ತು.

"ಮೇಲೆ ಹೊಡೆದದ್ದು, ಕೆಳಗೆ ಹೊಡೆಯಲು ನಿಂತದ್ದು,
ನಡುವೆ ಒಂದು ಗೆರೆ. ಇಷ್ಟೇ ಕಣೇ.
ಉತ್ತರದ ಮುಂದೊಂದು ಚುಕ್ಕಿ ಇರುತ್ತೆ,
ಅದನ್ನು ಯಾರೂ ಬಾಯಿಬಿಟ್ಟು ಓದಲ್ಲ."

ಮೊದಲ ದಿನ ಎವೆಲಿಯೋ ಒಂದಕ್ಕೆ ಒಂದು ಹೊಡೆದ.
ಸಾವಿರ!
ಬೆಂಚಿನ ಮೇಲೆ ಹತ್ತಿ ಕುಣಿದೆ.
ಮುಂದಿನ ಸರದಿಗೆ ಐನೂರು, ಅದರ ಮುಂದಕ್ಕೆ
ಮುನ್ನೂರ ಮೂವತ್ತಮೂರು. ಅತ್ತೇಬಿಟ್ಟೆ.
ಚಿಕ್ಕಮ್ಮ ಕಡಲೆಕಾಯಿ ಸುಲಿಯುತ್ತ,
"ನವೆಂಬರಿನ ಸಂಖ್ಯೆ ಕೂಸಿನ ಜ್ವರ ಇದ್ದಂತೆ.
ಜನವರಿ ಬರಲಿ ತಾಳು" ಅಂದಳು.

ಜನವರಿ ಬಂತು. ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಿದ್ದರು,
ಪುಸ್ತಕದ ಮೇಲೆಲ್ಲ ಕರಿ ಚೂರು.
ಈಗ ಎರಡು ಹೊಡೆದರೂ ಸಂಖ್ಯೆ ಮಿಸುಕುತ್ತಿರಲಿಲ್ಲ,
ತುಂಬಿದ ಬಸ್ಸಿಗೆ ಇನ್ನಿಬ್ಬರು ಹತ್ತಿದ ಹಾಗೆ.

ಕೊನೆಯ ಭಾನುವಾರ ಲೆಕ್ಕ ಇಷ್ಟು:
ನೂರ ತೊಂಬತ್ತೊಂಬತ್ತಕ್ಕೆ ಐವತ್ತೊಂಬತ್ತು.
ಇನ್ನೊಂದು ಬಿದ್ದರೆ ಇನ್ನೂರಕ್ಕೆ ಅರವತ್ತು. ಚೊಕ್ಕ ಮುನ್ನೂರು.
ಮುನ್ನೂರು ಮುಟ್ಟಿದವನಿಗೆ ಅಕ್ಕಿ ಗಿರಣಿಯ ದೋನ್ ಫುಲ್ಹೆನ್ಸಿಯೋ
ಕೆಂಪು ಮೋಟಾರ್‌ಸೈಕಲ್ಲು ಕೊಡುತ್ತೇನೆಂದಿದ್ದ.
ಎವೆಲಿಯೋ ನಮ್ಮ ಹಿಂದಿನ ಕೋಣೆಯಲ್ಲಿದ್ದ.
ಎರಡು ತಿಂಗಳ ಬಾಡಿಗೆ ಬಾಕಿ.

ಒಂಬತ್ತನೇ ಇನಿಂಗ್ಸ್. ಮೊದಲ ಬೇಸಿನಲ್ಲೊಬ್ಬ.
ಕೋಚ್ ಕಿವಿ ಮುಟ್ಟಿಕೊಂಡ: ಬಂಟ್.
ಎವೆಲಿಯೋ ದಾಂಡು ಅಡ್ಡ ಹಿಡಿದು,
ನಿದ್ದೆಹೋದ ಮಗುವನ್ನು ಚಾಪೆಗಿಳಿಸುವವನಂತೆ
ಚೆಂಡನ್ನು ನೆಲಕ್ಕಿಳಿಸಿ ಓಡಿದ.
ಮೂರನೇ ಬೇಸಿನವನು ಬಾಗಿದ, ಹಿಡಿದ, ಕೈಜಾರಿತು.
ಮತ್ತೆ ಹೆಕ್ಕುವಷ್ಟರಲ್ಲಿ ಓಡಿದ ಇಬ್ಬರೂ ಸೇಫ್.

ಹೊಡೆತವೋ, ತಪ್ಪೋ?
ಇಡೀ ಮೈದಾನ ನಮ್ಮ ತಗಡಿನತ್ತ ತಿರುಗಿತು.
ಇನ್ನೊಬ್ಬನ ಮುಂದೆ ದಾಟಿಸಲು ತನ್ನ ಸರದಿ ಬಿಟ್ಟುಕೊಟ್ಟರೆ
ಆ ಸರದಿ ಗೆರೆಯ ಮೇಲೂ ಇಲ್ಲ, ಕೆಳಗೂ ಇಲ್ಲ.
ಖಾಲಿ ಚೌಕಕ್ಕೆ ಮಸಿಚೂರೊಂದು ಬಂದು ಕೂತಿತು,
ಥೇಟ್ ಆ ಓದದ ಚುಕ್ಕಿಯ ಹಾಗೆ.
ಚಿಕ್ಕಮ್ಮ ಊದಿದಳು. ಕಲೆ ಉಳಿಯಿತು.
ಅದರ ಪಕ್ಕ ಬರೆದಳು:
ತ್ಯಾಗ. ಮೂರನೇ ಬೇಸಿನವನ ತಪ್ಪು.

ರಾತ್ರಿ ಎವೆಲಿಯೋ ಅಡುಗೆಮನೆಯ ಬಾಗಿಲಲ್ಲಿ ನಿಂತ.
ಅವಳು ಅನ್ನ-ಹುರುಳಿ ಬಡಿಸಿ, ಹುರಿದ ಚೀಸು ಎರಡು ತುಂಡು ಹಾಕಿದಳು.
"ಅವನ ಕೈಜಾರದಿದ್ದರೂ ನಾನು ಮುಟ್ಟುತ್ತಿದ್ದೆ, ದೋನ್ಯಾ."
"ಇರಬಹುದು," ಅಂದಳು. "ಬಾಡಿಗೆ ಮಾರ್ಚಿಗೆ ಕೊಡು."

ನಾನು ಮಾತ್ರೆ ಕಟ್ಟುವ ಕಾಗದದ ಮೇಲೆ ಲೆಕ್ಕಕ್ಕೆ ಕೂತೆ.
ಇನ್ನೂರರಿಂದ ಅರವತ್ತು ಒಂದೇ ಏಟಿಗೆ ಮುಗಿಯಿತು.
ನೂರ ತೊಂಬತ್ತೊಂಬತ್ತರಿಂದ ಐವತ್ತೊಂಬತ್ತು
ಎರಡು, ಒಂಬತ್ತು, ಆರು, ನಾಲ್ಕು, ಎಂಟು,
ಎರಡು, ನಾಲ್ಕು, ಒಂದು...
ಪ್ರತಿ ಸಲವೂ ಏನೋ ಒಂಚೂರು ಶೇಷ.
ಕಾಗದ ಮುಗಿಯಿತು.
ಮಗುಚಿ ಹಾಕಿದೆ.