ಮುಂದಿನ ಹಾಡಿಗೆ ಅದೇ ಸೀರಿ

ಕರೆಂಟ್ ಇರಲಿಲ್ಲ. ಮಗ್ಗ ನಿಂತು
ಬನಹಟ್ಟಿ ಓಣಿಗೆಲ್ಲ ಕಿವಿ ಬಿಟ್ಟಂಗ ಆಗಿತ್ತು.
ಕಾಡೇಶ ಬಂದ, ಚಪ್ಪಲಿ ಸೈತ ಬಿಡಲಿಲ್ಲ:
"ಅತ್ತಿ, ಒಂದ ಸೀರಿ ಕೊಡು, ತಾಸಿನ ಮಟ್ಟಿಗೆ.
ಶೂಟಿಂಗ್ ಐತಿ, ಹಾಡಿಂದು."
ಕೊಟ್ಟೆ. ಹಳದಿ ಒಡಲು, ಕೆಂಪ ದಡಿ,
ಕಂಡಕಿ ಸುತ್ತಿದ ರೊಕ್ಕದಾಗ ತಗೊಂಡದ್ದು.
ಎರಡ ಸಲ ಉಟ್ಟಿದ್ದೆ; ಮೂರನೇ ಸಲ
ತೇರದಾಳದ ದಾನಮ್ಮ ಉಟ್ಟಳು.

ಮೊದಲನೇ ಹಾಡು: ಬಸ್‌ಸ್ಟ್ಯಾಂಡಿನ ಕಲ್ಲಬೆಂಚು.
ದಾನಮ್ಮ ಕುಂತಾಳ. ಸಲೂನಿನ ಶಿವಲಿಂಗ,
ಮಂದಿ ಗಡ್ಡ ಹೆರಿಯೂ ಹುಡುಗ, ಇಲ್ಲಿ ಲಾರಿ ಡ್ರೈವರ್,
ಕಣ್ಣಿಗೆ ಕರೇ ಚಸ್ಮಾ.
ನಾಕು ನಿಮಿಷದಾಗ ನೋಡಿದ್ದೂ ಆತು, ನಕ್ಕಿದ್ದೂ ಆತು,
ಅವರಪ್ಪಗ ಗೊತ್ತಾದದ್ದೂ ಆತು.
ಕಡೀಕ ಕರೇ ಪರದೆ ಮ್ಯಾಲ ಬಿಳೇ ಅಕ್ಷರ:
ಉಳಿದ ಕತಿ ಮುಂದಿನ ಹಾಡಿಗೆ.

ಎರಡನೇದು ಹಿಪ್ಪರಗಿ ಹೊಳಿದಂಡಿಗೆ.
ಅಂವ ದೂರದೂರಿಗೆ ಹೊಂಟಾನ, ಇಕಿ ಬೆನ್ನ ಹತ್ತಿ ಓಡತಾಳ,
ಜಾಲಿಮುಳ್ಳಿಗೆ ಸೆರಗ ಸಿಕ್ಕು ಪರ್ರ್ ಅಂತು.
ಕಾಡೇಶಗ ಖುಷಿ: "ಖರೇ ಹರದಂಗ ಬಂತು!"
ಖರೇನ ಹರದಿತ್ತು, ನನ್ನದು.
ದಾನಮ್ಮ ರಾತ್ರಿ ಎಂಟಕ್ಕ ಬಂದು, ಬಾಗಲದಾಗ ನಿಂತು,
ಸೂಜಿ ಬೇಡಿದಳು. ತಾನ ಹೊಲದ ಕೊಟ್ಟಳು
ಹಸರ ದಾರದಾಗ; ಹಳದಿ ಇರಲಿಲ್ಲ ಮನ್ಯಾಗ.
ವಿಡಿಯೋದಾಗ ಆ ಹರಕ ಒಂದ ಗಳಿಗಿ ಕಾಣತೈತಿ.
ಮಗ್ಗದ ಹುಡುಗ್ಯಾರು ಅವರಿಬ್ಬರು ಅಗಲಿದ್ದಕ್ಕ ಅಳತಿದ್ರು.
ನಾ ಸೀರಿ ನೋಡತಿದ್ದೆ.

ಹಂಗ ನಿಂತಿತು. ರೊಕ್ಕ ತೀರಿ ಕಾಡೇಶ
ಸಕ್ಕರಿ ಫ್ಯಾಕ್ಟರಿಗೆ ಕಬ್ಬಿನ ಗಾಡಿ ತೂಗಾಕ ಹ್ವಾದ.
ಸಿಕ್ಕಸಿಕ್ಕಲ್ಲೆ ಹಿಡದು ಕೇಳತಿದ್ರು ಮಂದಿ,
"ಮುಂದೇನಾತೋ? ಅಂವ ಬಂದನೋ ಇಲ್ಲೋ?"
ಸಾಲ ಕೇಳಿದಂಗ ಕೇಳತಿದ್ರು. ಅಂವ ಸಂದಿ ಹಿಡದು ತಿರಗತಿದ್ದ.
ಇತ್ತ ನನ್ನ ಮಗಳು ಹಡದಳು.
ಕೂಸಿಗೆ ಹಾಸಾಕ ಮೆತ್ತಂದು ಬೇಕು;
ಕತ್ತರಿ ತಗೊಂಡೆ.

ವರ್ಷ ದಾಟಿ ಮತ್ತೊಂದಿನ, ಮತ್ತ ಕರೆಂಟ್ ಇಲ್ಲ.
"ಅತ್ತಿ, ಆ ಸೀರಿ ಕೊಡು. ಅದೇ ಬೇಕು.
ಕತ್ಯಾಗ ಇನ್ನೂ ಅದೇ ಸಂಜಿ,
ಅಂವ ಹೋಗಿ ಅರ್ಧಾ ತಾಸೂ ಆಗಿಲ್ಲ."
ನಾ ಕೂಸಿನ ಕಡೆ ಕೈ ಮಾಡಿದೆ.
ಕೌದಿ ಮ್ಯಾಲ ಮಲಗಿತ್ತು, ಬಾಯಾಗ ಹೆಬ್ಬಟ್ಟು.
ಸುತ್ತ ಹಳೇ ಪರಕಾರ, ಅಳಿಯನ ಅಂಗಿ, ನಡುವ
ಹಳದಿ.

ಕಾಡೇಶ ತಲಿ ಹಿಡಕೊಂಡು ಕಟ್ಟಿ ಮ್ಯಾಲ ಕುಂತ.
ಹಿಂದ ದಾನಮ್ಮ ನಿಂತಿದ್ದಳು. ಟೈಫಾಯ್ಡ್ ಬಂದು
ಕೂದಲ ಉದರಿ, ಮಾರುದ್ದ ಜಡಿ ಈಗ ಗೇಣು.
ಬಗ್ಗಿ, ಕೌದಿ ಮ್ಯಾಲ ಬಳ್ಳ ಆಡಿಸಿ ಹುಡುಕಿದಳು,
ಹಸರ ಹೊಲಿಗಿ ಸಿಕ್ತು.
"ಇಲ್ಲೇ ನೋಡ್ರಿ ಮುಳ್ಳ ಹತ್ತಿದ್ದು."
ಆಮ್ಯಾಲ ಕಾಡೇಶನ ಕಡೆ ಹೊಳ್ಳಿ,
"ನಮಗೆಲ್ಲಾರಿಗೂ ವರ್ಷ ಆಗೇತಿ, ಕತಿಗಷ್ಟ ಯಾಕ ಬ್ಯಾಡ?"

ಮೂರನೇ ಹಾಡು ನಮ್ಮ ಹಿತ್ತಲದಾಗ.
ಹಗ್ಗದ ಮ್ಯಾಲ ಕೌದಿ. ಲಾರಿ ಡ್ರೈವರ್ ಹೊಳ್ಳಿ ಬರತಾನ,
ಹಳದಿ ತುಂಡ ಕಂಡು ನಿಲ್ಲತಾನ.
ಶಿವಲಿಂಗಗ ಯಾರೂ ಮೊದಲ ಹೇಳಿರಲಿಲ್ಲ;
ಅಂವ ನಿಂತದ್ದು ನಟನಾ ಅಲ್ಲ.
ಚಸ್ಮಾ ತಗದ. ಅವನ ಕಣ್ಣು ಹಿಂಗ ಇರತಾವ ಅಂತ
ಮೂರು ಹಾಡಿನಾಗ ಆಗ ಗೊತ್ತಾತು.
ಅಕಿ ಒಳಗಿಂದ ಕೂಸ ಎತಗೊಂಡು ಬರತಾಳ.
ಅಲ್ಲಿಗೆ ಕರೇ ಪರದೆ.

ಈಗ ಊರಿಗೆ ಊರು ಒಂದ ಕೇಳತೈತಿ, ಕೂಸು ಯಾರದು?
ಮಗಳ ಗಂಡನ ಮನಿಯವರು ಸೈತ ಫೋನ್ ಮಾಡಿದ್ರು.
ನಾಕನೇದರಾಗ ಹೇಳತೇನಿ ಅಂತಾನ ಕಾಡೇಶ; ಅವಗೂ ಗೊತ್ತಿಲ್ಲ.
ಇವತ್ತ ಹೊತ್ತ ಏರೂದ್ರಾಗ ಕ್ಯಾಮೆರಾ ಹಿಡದ ಬಂದಾನ.
ತಡಿಯೋ ಮಾರಾಯ. ಕೂಸು ರಾತ್ರಿ ಉಚ್ಚಿ ಹೊಯ್ದೈತಿ,
ಒಗದ ಹಾಕೇನಿ. ಬಿಸಲ ಬರಲಿ.
ಕೌದಿ ಒಣಗೂತನಾ
ಅಂವ ಹಗ್ಗದ ಆ ಕಡೆ, ಅಕಿ ಈ ಕಡೆ
ನಿಂತಿರಲಿ.